ಐಬು ಸಾಹೇಬರ ಬೀರು

ಹಳೆಯ ಮೇಜು, ಕುರ್ಚಿ, ಬೀರು ಮಾರುವ ಆ ಅಂಗಡಿಯವರಿಗೆ ಬೀದಿಯವರು ಇಟ್ಟ ಹೆಸರು ಐಬು ಸಾಹೇಬರು. ಮಾಲಿನ ಐಬು ಮುಚ್ಚಿಟ್ಟು ಮಾರಿದವನ ದುಡಿಮೆಗೆ ಬರಕತ್ ಇಲ್ಲ, ದೇವರ ಕೃಪೆ ಇಲ್ಲ ಎಂದು ಶುಕ್ರವಾರದ ಪ್ರವಚನದಲ್ಲಿ ಕೇಳಿದ್ದೇ ತಡ, ಊಟವನ್ನೂ ಮಾಡದೆ ಅಂಗಡಿಗೆ ಓಡಿ ಒಂದೊಂದು ಸಾಮಾನಿಗೂ ಚೀಟಿ ಅಂಟಿಸಿಬಿಟ್ಟಿದ್ದರು. 'ಈ ಕುರ್ಚಿ ದಪ್ಪಗಿರುವವರನ್ನು ತಡೆಯುವುದಿಲ್ಲ.' 'ಈ ಮೇಜಿಗೆ ನಾಲ್ಕು ಕಾಲು, ನೆಲ ಮುಟ್ಟುವುದು ಮೂರೇ.' ಜನ ಬಂದು ಓದಿ, ಹೊಟ್ಟೆ ತುಂಬ ನಕ್ಕು, ಬರಿಗೈಯಲ್ಲಿ ಹೋಗುತ್ತಿದ್ದರು.

ಲಾಭ ನಷ್ಟ ಎರಡರಲ್ಲೂ ಸಮಪಾಲು ಎಂದು ಸೇರಿಕೊಂಡಿದ್ದ ಭಾವಮೈದುನನಿಗೆ ಮೂರು ವಾರದಿಂದ ಬರೀ ನಷ್ಟದ ಪಾಲೇ ಸಿಕ್ಕಿ ತಲೆ ಕೆಟ್ಟುಹೋಗಿತ್ತು. "ಭಾವ, ಇವತ್ತು ಸಂಜೆ ಅಸರ್ ನಮಾಜಿನೊಳಗೆ ಒಂದಾದ್ರೂ ಮಾರಾಟ ಆಗ್ಲಿಲ್ಲ ಅಂದ್ರೆ ನಾನು ಪಾಲು ಬಿಟ್ಟೆ," ಎಂದಿದ್ದ. ಅವನು ಬಿಟ್ಟರೆ ಅಂಗಡಿ ಮುಚ್ಚಿದ ಹಾಗೆಯೇ.

ಮಧ್ಯಾಹ್ನ ಒಬ್ಬ ಅಜ್ಜಿ ಬಂದರು, ಹಿಂದೆ ಬಾಲದ ಹಾಗೆ ಅವರ ಯಜಮಾನರು. ಅಜ್ಜಿ ಸೀದಾ ಬೀರುವಿನ ಚೀಟಿ ಓದಿದರು: 'ಬಾಗಿಲು ಕಿರುಗುಟ್ಟುತ್ತದೆ, ಪಕ್ಕದ ಮನೆಗೂ ಕೇಳಿಸುತ್ತದೆ.'

"ಇದೇ ಬೇಕು," ಎಂದರು. "ಇವರಿಗೆ ಸಕ್ಕರೆ ಕಾಯಿಲೆ. ಸಿಹಿ ಎಲ್ಲಿಟ್ರೂ ಕದ್ದು ತಿಂತಾರೆ. ಬಾಗಿಲು ಕೂಗಿದ್ರೆ ನಂಗೆ ಗೊತ್ತಾಗುತ್ತೆ."

ಯಜಮಾನರ ಮುಖ ಸಪ್ಪಗಾಯಿತು. ಅಜ್ಜಿ ಬಾಗಿಲು ಎಳೆದರು. ಕಿರ್ರ್ ಎಂದಿತು. ಅಜ್ಜಿ ಹಣಕ್ಕಾಗಿ ಚೀಲದೊಳಗೆ ಕೈ ಹಾಕಿದರು.

ಸಾಹೇಬರಿಗೆ ಮಾತ್ರ ಅನುಮಾನ. ಬಾಗಿಲು ನಿಂತ ಮೇಲೂ ಸದ್ದು ನಿಂತಿರಲಿಲ್ಲ, ಕೊನೆಗೊಂದು ಕೆಮ್ಮೂ ಬಂತು. ಬಗ್ಗಿ ನೋಡಿದರೆ ಬೀರುವಿನ ಹಿಂದೆ ಭಾವಮೈದುನ, ಪಕ್ಕದಲ್ಲಿ ಎಣ್ಣೆ ಡಬ್ಬಿ. ಬೆಳಿಗ್ಗೆ ಉಪಕಾರ ಮಾಡಲು ಹೋಗಿ ಬಾಗಿಲಿನ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟಿದ್ದ ಪುಣ್ಯಾತ್ಮ ಈಗ ಬಾಯಲ್ಲೇ ಕಿರುಗುಟ್ಟುತ್ತಿದ್ದ. ಸುಮ್ಮನಿರಿ ಎಂದು ಎರಡೂ ಕೈ ಮುಗಿದ.

ಸಾಹೇಬರಿಗೆ ಅಂಗಡಿಯೂ ಬೇಕು, ಬರಕತ್ತೂ ಬೇಕು.

"ಅಮ್ಮಾ, ಕೀಲುಗಳಿಗೆ ಎಣ್ಣೆ ಬಿಟ್ಟಾಗಿದೆ, ಬೀರು ಕೂಗಲ್ಲ. ಕೂಗಿದ್ದು ನನ್ನ ಭಾವಮೈದುನ. ಅವನನ್ನ ಜೊತೆಗೆ ಕಳಿಸೋಕಾಗಲ್ಲ."

ಅಜ್ಜಿಯ ಕೈ ಬರಿದಾಗಿ ಹೊರಬಂತು. ಯಜಮಾನರಿಗೆ ಹೋದ ಜೀವ ಬಂದಂತಾಯಿತು. "ಎಂಥ ಸತ್ಯವಂತರು ಕಣೇ. ಕೊಂಡ್ರೆ ಇಂಥವರ ಹತ್ರಾನೇ ಕೊಳ್ಳಬೇಕು," ಎನ್ನುತ್ತ ತಮ್ಮ ಜೇಬಿನ ಹಣ ತೆಗೆದು ಮೇಜಿನ ಮೇಲಿಟ್ಟರು.

ಭಾವಮೈದುನ ಎದ್ದು ಬಂದು ಹಣಕ್ಕೆ ಕೈ ಚಾಚಿದ. ಸಾಹೇಬರು ಆ ಕೈ ಹಿಡಿದರು. ಅವರಿಗೆ ಅಳುವೇ ಬರುವಂತಿತ್ತು. ಏನು ಮಾಡುವುದು, ಇನ್ನೊಂದು ಐಬು ಹೇಳುವುದು ಬಾಕಿ ಇತ್ತು.

"ಯಜಮಾನ್ರೇ, ಈ ಎಣ್ಣೆ ಎಂಟು ದಿನಕ್ಕೆ ಆರಿಹೋಗುತ್ತೆ. ಆಮೇಲೆ ಮತ್ತೆ ಕಿರುಗುಟ್ಟುತ್ತೆ."

ಯಜಮಾನರು ಹಣ ವಾಪಸ್ ತೆಗೆದುಕೊಳ್ಳಲು ಹೋದರು. ಅಜ್ಜಿಯ ಕೈ ಅಷ್ಟರಲ್ಲಾಗಲೇ ಅದರ ಮೇಲಿತ್ತು.

"ಎಂಟು ದಿನ ನಾನೇ ಕಾಯ್ತೀನಿ. ಗಾಡಿ ಕರೆಸಿ," ಎಂದು ಹಣವನ್ನು ಸಾಹೇಬರ ಕಡೆ ತಳ್ಳಿದರು.

ಮಸೀದಿಯಿಂದ ಅಸರ್‌ನ ಬಾಂಗ್ ಕೇಳಿಸುವಷ್ಟರಲ್ಲಿ ಬೀರು ಗಾಡಿ ಹತ್ತಿತ್ತು. ಭಾವಮೈದುನ ನಾಚಿಕೊಂಡು ಡಬ್ಬಿ ಎತ್ತಿಡಲು ಹೋದ. ಹಿಂದೆ ಉಳಿದಿದ್ದ ಯಜಮಾನರು ಹೆಂಡತಿಯ ಕಡೆ ಒಮ್ಮೆ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದರು.

"ಆ ಎಣ್ಣೆ ಡಬ್ಬಿ ಎಷ್ಟಕ್ಕೆ ಕೊಡ್ತೀಯಪ್ಪಾ?"