ನಾಲ್ವರು ಲಿಯೋಗಳು

“ಅಯ್ಯೋ, ಇಲ್ಲಿ ಸರ್‌ನೇಮ್ ಫಸ್ಟ್ ನೋಡ್ತಾರೆ ಕಣೆ! ಫೋನ್ ಬುಕ್ ಕೂಡ ನೋಡಿಲ್ವಾ ನೀನು?”

ಎಲ್ಲದರಲ್ಲೂ ತಪ್ಪು ಹುಡುಕುವುದು ಎಂಜಿನಿಯರ್ ಗಂಡ ಹೃಷಿಕೇಶನ ಹವ್ಯಾಸ. ಈ ಸಲ ನಿಜವಾಗಿಯೂ ಸಿಕ್ಕಿತ್ತು. ಅನುಸೂಯ ಟೈಪ್ ಮಾಡಿದ ಪಟ್ಟಿಯ ಹಾಳೆಗಳನ್ನು ಮತ್ತೆ ತಿರುವಿ ನೋಡಿದಳು. ಆರುನೂರು ಹೆಸರು, ಮೂರು ವಾರದ ಟೈಪಿಂಗ್. ಮೈಸೂರಿನ ಶಾಲೆಯಲ್ಲಿ ಹನ್ನೊಂದು ವರ್ಷ ಹಾಜರಿ ಪುಸ್ತಕ ಬರೆದ ಅಭ್ಯಾಸದಲ್ಲಿ ಎಲ್ಲರನ್ನೂ ಸ್ವಂತ ಹೆಸರಿನ ಅಕ್ಷರಕ್ರಮದಲ್ಲೇ ಕೂರಿಸಿಬಿಟ್ಟಿದ್ದಳು. ಪುಸ್ತಕ ಇವತ್ತೇ ಪ್ರೆಸ್ಸಿಗೆ ಹೋಗಬೇಕಿತ್ತು.

ಪುಸ್ತಕ ಪಕ್ಕದ ಮನೆಯ ವಾಲ್ಟರ್ ಅವರದು. ಇಪ್ಪತ್ತೈದರ ವಯಸ್ಸಿನಲ್ಲಿ, ಯಾರೂ ಕರೆಯದಿದ್ದರೂ, ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಿ ಹೋರಾಡಿದವರು. ಈಗ ಎಪ್ಪತ್ತೇಳರಲ್ಲಿ, ಕಣ್ಣಿಗೆ ಪೊರೆ ಬಂದ ಮೇಲೆ, ತಮ್ಮ ಸ್ವಯಂಸೇವಕ ಕಾಲಾಳು ದಳದ ಚರಿತ್ರೆಯನ್ನು, ಸೈನಿಕರ ಪಟ್ಟಿ ಸಮೇತ, ಅವಳಿಂದ ಟೈಪ್ ಮಾಡಿಸಿದ್ದರು. ಅರ್ಪಣೆಯ ಪುಟವೊಂದನ್ನು ಯಾಕೋ ಖಾಲಿ ಬಿಡಿಸಿದ್ದರು. ಎಂಟು ತಿಂಗಳ ಹಿಂದೆ ಗಂಡ ಹೆಂಡತಿ ಆಸ್ಟ್ರೇಲಿಯಾದ ಈ ವೆರಿಬೀ ಊರಿನಲ್ಲಿ ಮನೆ ನೋಡಲು ಬಂದಾಗ, ಭಾರತದವರೆಂದು ಏಜೆಂಟ್ ಹಿಂದೆಮುಂದೆ ನೋಡಿದ್ದ. ಬೇಲಿಯಾಚೆಯಿಂದ “ನನಗೆ ಗೊತ್ತಿರುವ ಜನ” ಎಂದು ಸುಳ್ಳು ಹೇಳಿ ಮನೆ ಕೊಡಿಸಿದವರು ವಾಲ್ಟರ್. ಅಂಥವರ ಪುಸ್ತಕವನ್ನೇ ಕೆಡಿಸಿದೆನಲ್ಲ ಎಂದು ಅವಳಿಗೆ ಅಳು ಬಂತು.

ಪಟ್ಟಿ ಹಿಡಿದು ಅವರ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡಳು. “ಎರಡು ವಾರ ಟೈಮ್ ಕೊಡಿ ಅಂಕಲ್, ಎಲ್ಲಾ ಮತ್ತೆ ಟೈಪ್ ಮಾಡ್ತೀನಿ.”

ವಾಲ್ಟರ್ ಅವಳತ್ತ ಮುಖ ತಿರುಗಿಸಿದರು. “ಹಾಗಾದರೆ ಲಿಯೋಗಳೆಲ್ಲ ಒಂದೇ ಕಡೆ ಇದ್ದಾರಾ?”

“ನಾಲ್ಕು ಜನ ಇದಾರೆ.”

“ಓದು.”

ಪಟ್ಟಿಯಲ್ಲಿ ಹೆಸರಿನ ಮುಂದೆ ಕಸುಬೂ ಇತ್ತು. “ಲಿಯೋ ಬ್ಯಾರೆಟ್, ಗಣಿ ಕೆಲಸ. ಲಿಯೋ ಡನ್, ಹಡಗು. ಲಿಯೋ ಫಿಂಚ್, ಮೇಷ್ಟ್ರು. ಲಿಯೋ ಸ್ಟೋಕ್ಸ್, ಬೇಕರಿ.”

ವಾಲ್ಟರ್ ತಮ್ಮ ಮೊಣಕಾಲು ಹಿಡಿದುಕೊಂಡರು.

“ಇಲ್ಲಿಗೆ ಗುಂಡು ಬಿದ್ದ ದಿನ ನನ್ನನ್ನು ಎರಡು ಮೈಲಿ ಹೊತ್ತವನು ಆ ಬೇಕರಿಯವನೇ. ನಾನು ಕಣ್ಣು ಮುಚ್ಚಬಾರದೆಂದು ದಾರಿಯುದ್ದಕ್ಕೂ ಬ್ರೆಡ್ಡಿನ ಹಿಟ್ಟು ನಾದುವುದನ್ನು ಹೇಳುತ್ತ ಬಂದ. ಮರುವಾರ ಅವನೇ ಸತ್ತ. ಕಂದಕದಲ್ಲಿ ಸರ್‌ನೇಮ್ ಯಾರು ಕೇಳುತ್ತಾರೆ? ಐವತ್ತೊಂದು ವರ್ಷ ಬರೀ ಲಿಯೋ ಅಂತಲೇ ನೆನೆದೆ. ಪಟ್ಟಿ ಕೈಗೆ ಬರುವ ಹೊತ್ತಿಗೆ ಕಣ್ಣು ಹೋಗಿತ್ತು. ಆರುನೂರು ಹೆಸರು ಓದೆಂದು ನಿನ್ನನ್ನು ಕೇಳಲು ಸಂಕೋಚ.” ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. “ಥ್ಯಾಂಕ್ಯೂ ಮಗು. ಪಟ್ಟಿ ಹೀಗೇ ಹೋಗಲಿ. ನಾವು ಒಬ್ಬರನ್ನೊಬ್ಬರು ಕರೆಯುತ್ತಿದ್ದುದೇ ಹೀಗೆ.”

ಅನುಸೂಯ ಕಣ್ಣೊರೆಸಿಕೊಂಡು, ಅರ್ಪಣೆಯ ಖಾಲಿ ಹಾಳೆಯನ್ನು ಅಲ್ಲೇ ಮೇಜಿನ ಮೇಲಿದ್ದ ಟೈಪ್‌ರೈಟರಿಗೆ ಸಿಕ್ಕಿಸಿದಳು. ‘ಲಿಯೋ’ ಎಂದು ಇಂಗ್ಲಿಷಿನ ಮೂರು ಅಕ್ಷರ ಬಡಿದು, ತಡೆದು ಅವರ ಮುಖ ನೋಡಿದಳು. ವಾಲ್ಟರ್ ಕಣ್ಣು ಮುಚ್ಚಿ, ಉಳಿದ ಅಕ್ಷರಗಳ ಸದ್ದಿಗೆ ಕಿವಿಗೊಟ್ಟು ಕೂತಿದ್ದರು.