ನಿಂತಲ್ಲೇ ಹೆಜ್ಜೆ

"ಉಸಿರು ಒಳಗೆ ಎಳಕೋ ಥಿಯೋ. ಇನ್ನೂ. ಇನ್ನೊಂಚೂರು."

"ಇದಕ್ಕಿಂತ ಎಳಕೊಂಡ್ರೆ ಇವತ್ತು ಎರಡು ಶವಪೆಟ್ಟಿಗೆ ಬೇಕಾಗತ್ತೆ ಕಣಮ್ಮ."

ಬುಷಾರ್ ಅಕ್ಕತಂಗಿಯರಿಬ್ಬರೂ ಸೇರಿ ಥಿಯೋನ ಹೊಟ್ಟೆಯ ಮೇಲೆ ನೀಲಿ ಕೋಟಿನ ಎರಡು ಅಂಚುಗಳನ್ನು ಕೂಡಿಸಲು ಹೆಣಗುತ್ತಿದ್ದರು. ಅವನು ಹದಿನೆಂಟರ ಹುಡುಗನಾಗಿದ್ದಾಗ ಚರ್ಚಿನ ಬ್ಯಾಂಡು ತಂಡಕ್ಕೆಂದು ಹೊಲಿದ ಕೋಟು ಅದು. ಕೊನೆಗೆ ಮೇಲಿನ ಗುಂಡಿಯೊಂದು ಕೂಡಿತು, ಉಳಿದವು ಕೂಡಲಿಲ್ಲ. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ತಾಳ ಎದೆ ಹತ್ರ ಹಿಡಕೊಂಡು ನಡಿ, ಕಾಣಲ್ಲ" ಅಂದಳು.

ಸೇಂಟ್ ಮೆಡಾರ್ಡ್ ಚರ್ಚಿನ ನೆಲಮಾಳಿಗೆ ಅದು. ಪಕ್ಕದ ಅಡುಗೆಮನೆಯಲ್ಲಿ ಹಂದಿಮಾಂಸದ ಪೈಗಳು ಬಿಸಿಯಾಗುತ್ತಿದ್ದವು. ಮೇಲೆ, ಪೀಠದ ಮುಂದೆ, ರೊಸೇರ್ ಲವಾಯ್ ಪೆಟ್ಟಿಗೆಯಲ್ಲಿ ಮಲಗಿದ್ದ. ಊರಿನ ಪಾದರಕ್ಷೆ ಕಾರ್ಖಾನೆಯಲ್ಲಿ ಅಟ್ಟೆ ಕತ್ತರಿಸಿ, ಅದು ಮುಚ್ಚಿದ ಮೇಲೆ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೀಲಿಕೈ ಕೊರೆದುಕೊಟ್ಟು ಬದುಕಿದವನು. ಚಳಿಗಾಲದ ಬೆಳಗುಗಳಲ್ಲಿ ಪೂಜೆಗೆ ಮುಂಚೆ ಬಂದು, ಯಾರೂ ಹೇಳದೆಯೇ, ಚರ್ಚಿನ ಮೆಟ್ಟಿಲ ಮೇಲಿನ ಹಿಮ ಕೆರೆಯುತ್ತಿದ್ದವನು.

ಬಾಗಿಲ ಬಳಿ ನಾರ್ಮಂಡ್ ಪೆಲ್ಟಿಯರ್ ನಿಂತಿದ್ದ. ಒದ್ದೆ ಕೊಡೆಯನ್ನು ಎಲ್ಲಿ ಇಡುವುದೆಂದು ತಿಳಿಯದವನಂತೆ ಕೈಯಲ್ಲೇ ಹಿಡಿದಿದ್ದ. ಮೈಮೇಲೆ ನೀಲಿ ಕೋಟು ಇರಲಿಲ್ಲ. ಸಾಧಾರಣ ಕಪ್ಪು ಕೋಟು.

"ಬಂದ್ಯಾ," ಅಂದ ಥಿಯೋ. "ನಮ್ಮ ಮನೆ ಅಟ್ಟದಲ್ಲಿ ಒಂದು ಕಹಳೆ ಸಿಕ್ಕಿತು. ಇಲಿ ಸಂಸಾರ ಮಾಡಿಕೊಂಡಿತ್ತು, ಖಾಲಿ ಮಾಡಿಸಿ ತಂದಿದೀನಿ. ಸಮಾಧಿ ಹತ್ರ ನೀನೇ ಊದಬೇಕು."

"ಆಗಲ್ಲ ಥಿಯೋ. ಮೇಲಿನ ಹಲ್ಲೆಲ್ಲ ಕಟ್ಟಿಸಿದ್ದು. ಊದಿದ್ರೆ ಹಲ್ಲಿನ ಸೆಟ್ಟೇ ಕಹಳೆ ಒಳಗೆ ಹೋಗತ್ತೆ."

"ಹೋದ್ರೆ ಹೋಗಲಿ ಬಿಡು, ಸ್ವರಕ್ಕೆ ಸ್ವರ ಆಯ್ತು."

ಅಕ್ಕತಂಗಿಯರು ನಕ್ಕರು. ದೊಡ್ಡ ಡ್ರಮ್ಮಿನ ಆರ್ಮಾಂಡ್, ಈಗ ಕಿವಿ ಸರಿಯಾಗಿ ಕೇಳದವನು, ಅವರು ನಕ್ಕರೆಂದು ತಾನೂ ನಕ್ಕ. ಸಿಸಿಲ್ ನಗಲಿಲ್ಲ. ರೊಸೇರ್‌ನ ಹೆಂಡತಿ ಅವಳು. ಆ ಕಾಲದಲ್ಲಿ ತಂಡದ ಬಾವುಟ ಹಿಡಿಯುತ್ತಿದ್ದವಳು. ಕಪ್ಪು ಉಡುಪಿನ ಮೇಲೆ ಹಳೆಯ ಬಿಳಿ ಪಟ್ಟಿಯೊಂದನ್ನು ಅಡ್ಡಲಾಗಿ ಹಾಕಿಕೊಂಡಿದ್ದಳು. ನಾರ್ಮಂಡ್‌ನ ಹತ್ತಿರ ಬಂದು ಅವನ ಕೊಡೆಯನ್ನು ತೆಗೆದು ಗೋಡೆಗೆ ಒರಗಿಸಿದಳು.

"ಊದದಿದ್ರೆ ಬೇಡ," ಅಂದಳು. "ಸಾಲಲ್ಲಿ ನಡಿ. ನಿನ್ನ ಜಾಗ ಇದೆ."

ಆ ಮಾತಿಗೆ ನಾರ್ಮಂಡ್ ನೆಲ ನೋಡಿದ. ಅವಳಲ್ಲಿ ಒಂದು ಮಾತು ಕೇಳಬೇಕೆಂದು ಬಂದಿದ್ದ. ರೊಸೇರ್‌ನನ್ನೇ ಕೇಳಬೇಕಾದ ಮಾತು. ಕೇಳುವುದರೊಳಗೆ ಮೇಲೆ ಗಂಟೆ ಬಾರಿಸಿತು.

*

ಮೆಡಾರ್ಡ್ ಮಳೆಯ ಸಂತ. ಅವನ ಹೆಸರಿಟ್ಟುಕೊಂಡ ತಂಡ ಹೊರಟಿತೆಂದರೆ ಮೋಡ ಕವಿಯಿತೆಂದೇ ಅರ್ಥ. ಅಕ್ಕಪಕ್ಕದ ಊರಿನವರು "ನಿಮ್ಮ ಹುಡುಗರನ್ನ ಕಳಿಸಿ, ಆಲೂಗಡ್ಡೆ ಹೊಲ ಒಣಗಿದೆ" ಎಂದು ಛೇಡಿಸುತ್ತಿದ್ದರು. ಎಷ್ಟೇ ಸುರಿದರೂ ತಂಡದವರು ಕೊಡೆ ಹಿಡಿಯುವಂತಿರಲಿಲ್ಲ. ತೊಟ್ಟಿಕ್ಕುವ ಟೋಪಿಗಳಡಿಯಲ್ಲಿ ಕಣ್ಣು ನೇರ ಇಟ್ಟುಕೊಂಡು ನಡೆಯುತ್ತಿದ್ದರು.

ಚಿಕ್ಕ ತಂಡ. ಕಾರ್ಖಾನೆಯವರ ಮಕ್ಕಳು. ಭಾನುವಾರ ಪೈ ಮಾರಿ ಬಂದ ಹಣದಲ್ಲಿ ಕೊಂಡ ಕಹಳೆಗಳು, ತಾಯಂದಿರು ಹೊಲಿದ ಕೋಟುಗಳು. ನಾರ್ಮಂಡ್ ಅವರ ಮುಖ್ಯ ಕಹಳೆಗಾರ. ಅವನು ಒಂಟಿಯಾಗಿ ಊದುವಾಗ ನದಿಯ ಆಚೆ ದಡದ ನೇಯ್ಗೆ ಗಿರಣಿಯ ಕಿಟಕಿಗಳಲ್ಲಿ ಹೆಂಗಸರ ತಲೆಗಳು ಮೂಡುತ್ತಿದ್ದವು.

ರೊಸೇರ್‌ನದು ಬೇರೆ ಕೆಲಸ. ಆಸ್ಪತ್ರೆಯ ಮುಂದೆಯೋ, ಪೂಜೆ ನಡೆಯುತ್ತಿರುವ ಚರ್ಚಿನ ಮುಂದೆಯೋ, ಸಾವಾದ ಮನೆಯ ಮುಂದೆಯೋ ತಂಡ ಹಾಯುವಾಗ ಕಹಳೆಗಳು ಇಳಿಯುತ್ತಿದ್ದವು, ಡ್ರಮ್ಮುಗಳು ಸುಮ್ಮನಾಗುತ್ತಿದ್ದವು. ಆಗ ಒಬ್ಬನೇ ಒಬ್ಬ, ಡ್ರಮ್ಮಿನ ಚರ್ಮವನ್ನು ಮುಟ್ಟದೆ, ಅದರ ಅಂಚಿಗೆ ಕೋಲಿನಿಂದ ಟಕ್, ಟಕ್ ಎಂದು ತಟ್ಟುತ್ತ ಹೋಗಬೇಕು. ಆ ಸದ್ದಿಗೆ ಎಲ್ಲರ ಎಡಗಾಲು ಬೀಳಬೇಕು. ಅದು ರೊಸೇರ್‌ನ ಪಾಲಿಗೆ ಬಂದಿತ್ತು. ಜನ ಚಪ್ಪಾಳೆ ತಟ್ಟುವ ಜಾಗವಲ್ಲ ಅದು. ಬೀದಿಯವರು ಶಿಲುಬೆಯ ಗುರುತು ಮಾಡಿಕೊಂಡು ತಲೆ ಬಾಗಿಸುವ ಜಾಗ.

ಇನ್ನೊಂದು ಪದ್ಧತಿಯಿತ್ತು. ಯಾರಾದರೂ ಜ್ವರ ಬಂದು ಮಲಗಿದರೆ ಅವರ ಜಾಗವನ್ನು ಮುಚ್ಚುವಂತಿಲ್ಲ. ಅಷ್ಟು ಅಂತರ ಬಿಟ್ಟೇ ಸಾಲು ನಡೆಯಬೇಕು. ಇಲ್ಲದವರೂ ನಡೆಯುತ್ತಿದ್ದಾರೆ ಎಂಬ ಹಾಗೆ.

ಅರವತ್ತಾರನೆಯ ಇಸವಿಯ ವಸಂತದಲ್ಲಿ ನಗರದ ದೊಡ್ಡ ತಂಡದವರು ನಾರ್ಮಂಡ್‌ನನ್ನು ಕರೆದರು. ಅವನು ಹೋದ, ಹೋಗುವಾಗ ಉಳಿದ ಕಹಳೆಯವರನ್ನೂ ಕರೆದುಕೊಂಡೇ ಹೋದ. ಹಿಂದಿನ ಸಂಜೆ ರೊಸೇರ್ ಅವನ ಮನೆಯ ಜಗಲಿಗೆ ಬಂದಿದ್ದ.

"ಮಡಿದ ಸೈನಿಕರ ದಿನದ ಮೆರವಣಿಗೆ ಒಂದು ಮುಗಿಸಿ ಹೋಗ್ರೋ. ಊರಿನೋರು ಕಾಯ್ತಾರೆ."

"ಊರಿನೋರಿಗೆ ನೀನಿದೀಯಲ್ಲ."

"ನಾನು ಏನು ಬಾರಿಸ್ತೀನಿ?"

"ಅದನ್ನೇ ನಾನೂ ಹೇಳೋದು. ಚರ್ಮ ಮುಟ್ಟೋ ಯೋಗ್ಯತೆ ಇಲ್ಲ ಅಂತ ತಾನೇ ನಿಂಗೆ ಅಂಚು ಕೊಟ್ಟಿರೋದು. ನೀನು ನಂಗೆ ಬುದ್ಧಿ ಹೇಳೋಕೆ ಬಂದ್ಯಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೊಸೇರ್ ಟೋಪಿ ತಲೆಗಿಟ್ಟುಕೊಂಡ. ಮೆಟ್ಟಿಲಿಳಿದ ಮೇಲೆ ತಿರುಗಿ, "ನಿನ್ನ ಜಾಗ ಹಾಗೇ ಇಟ್ಟಿರ್ತೀವಿ" ಎಂದಷ್ಟೇ ಹೇಳಿ ಹೋದ.

*

ಮೆರವಣಿಗೆಯ ದಿನ ದೊಡ್ಡ ತಂಡದ ಬಸ್ಸು ಬೇರೆ ಊರಿಗೆ ಹೊರಟಿತ್ತು. ದಾರಿ ಇದೇ ಊರಿನ ನಡುವೆ. ಕಾಲುವೆ ಬೀದಿಯ ಮೂಲೆಯಲ್ಲಿ ಪೊಲೀಸಿನವನು ಕೈ ಅಡ್ಡ ಮಾಡಿದ. ಬಸ್ಸು ನಿಂತಿತು. ಕಿಟಕಿಯ ಪಕ್ಕದಲ್ಲಿ ನಾರ್ಮಂಡ್ ಕೂತಿದ್ದ, ಚಿನ್ನದ ಬಣ್ಣದ ಹೊಸ ಕೋಟಿನಲ್ಲಿ.

ಮೊದಲು ಬಾವುಟ ಬಂತು, ಸಿಸಿಲ್. ಆಮೇಲೆ ಅವರು. ಎಣಿಸಲೂ ಬೇಕಿಲ್ಲದಷ್ಟು ಕಡಿಮೆ ಮಂದಿ. ಕಹಳೆಯಿಲ್ಲ, ಹಾಡಿಲ್ಲ. ಅಂಚಿನ ಮೇಲೆ ಬೀಳುವ ಕೋಲಿನ ಸದ್ದು ಮಾತ್ರ. ಹೋದವರ ಜಾಗಗಳನ್ನೆಲ್ಲ ಹಾಗೇ ಬಿಟ್ಟು ನಡೆಯುತ್ತಿದ್ದರು. ಇಬ್ಬರ ನಡುವೆ ಇಡೀ ಬೀದಿ ಕಾಣುತ್ತಿತ್ತು.

"ನೋಡ್ರೋ, ಹಲ್ಲುದುರಿದ ಬ್ಯಾಂಡು," ಎಂದ ಹಿಂದಿನ ಸೀಟಿನವನು. ಬಸ್ಸು ನಕ್ಕಿತು.

ನಾರ್ಮಂಡ್ ಬಗ್ಗಿದ. ಬಿಚ್ಚಿರದ ಬೂಟಿನ ದಾರವನ್ನು ಬಿಚ್ಚಿ, ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ. ತಲೆಯ ಮೇಲೆ ಆ ಟಕ್, ಟಕ್ ಮುಂದೆ ಹೋಗದೆ ಒಂದೇ ಕಡೆ ಕೇಳುತ್ತಲೇ ಇತ್ತು. ಮುಂದೆ ದಾರಿ ಕಟ್ಟಿರಬೇಕು ಅಂದುಕೊಂಡ. ಸದ್ದು ದೂರವಾದ ಮೇಲೆ ತಲೆಯೆತ್ತಿದ.

ಆ ಬೇಸಿಗೆ ಮುಗಿಯುವುದರೊಳಗೆ ಮೆಡಾರ್ಡ್ ತಂಡ ಮುಗಿಯಿತು. ದೊಡ್ಡ ತಂಡದಲ್ಲಿ ನಾರ್ಮಂಡ್‌ಗೆ ಒಂಟಿಯಾಗಿ ಊದುವ ಪಾಳಿ ಒಮ್ಮೆಯೂ ಬರಲಿಲ್ಲ. ತಂಡದಲ್ಲಿರಬಹುದಾದ ವಯಸ್ಸು ದಾಟಿದ ಮೇಲೆ ಊರಿಗೆ ಮರಳಿ ಕೊಳಾಯಿ ಕೆಲಸ ಹಿಡಿದ. ರೊಸೇರ್ ಆ ದಿನ ಬಸ್ಸಿನಲ್ಲಿ ತನ್ನನ್ನು ಕಂಡನೇ ಎಂಬ ಒಂದು ಪ್ರಶ್ನೆ ಎದೆಯಲ್ಲಿ ಉಳಿಯಿತು. ಕಂಡಿದ್ದರೆ ಕ್ಷಮೆ ಕೇಳಬೇಕು. ಕಂಡಿರದಿದ್ದರೆ ತಾನೇ ಹೇಳಿ ಯಾಕೆ ನೋಯಿಸಬೇಕು?

ಅದನ್ನು ತಿಳಿಯಲೆಂದೇ ಕಬ್ಬಿಣದಂಗಡಿಗೆ ಹೋಗುತ್ತಿದ್ದ. ರೊಸೇರ್ ಗಲ್ಲಾದ ಹಿಂದಿನಿಂದ ಎದ್ದು ಬರುತ್ತಿದ್ದ. "ಏನು ಬೇಕು ನಾರ್ಮಂಡ್?" "ಒಂದು ಕೀಲಿಕೈ." ಯಂತ್ರ ಕಿರಗುಟ್ಟುತ್ತಿತ್ತು. "ಈ ಸಲ ಹಿಮ ಜಾಸ್ತಿ." "ಹೌದು, ಜಾಸ್ತಿಯೇ." ಕೈಯಲ್ಲಿ ಇನ್ನೂ ಬೆಚ್ಚಗಿರುವ ಕೀಲಿಕೈ ಹಿಡಿದು ಮನೆಗೆ ಬರುತ್ತಿದ್ದ. ವರ್ಷಗಳು ಕಳೆದಂತೆ ಅವನ ಮನೆಯಲ್ಲಿ ಬೀಗಗಳಿಗಿಂತ ಕೀಲಿಕೈಗಳೇ ಹೆಚ್ಚಾದವು.

*

ಪೂಜೆ ಮುಗಿದಾಗ ಹೊರಗೆ ಮಳೆ ಹಿಡಿದಿತ್ತು. ಪೆಟ್ಟಿಗೆಯನ್ನು ಶವದ ಗಾಡಿಗೆ ಏರಿಸುವಾಗ ಚರ್ಚಿನ ಮುಖಮಂಟಪದಲ್ಲಿ ಸಿಸಿಲ್ ಒಬ್ಬಳೇ ನಿಂತಿದ್ದಳು. ಕಾರಿನಲ್ಲಿ ಕೂರಲು ಕರೆದ ಮಗಳನ್ನು ಕೈಸನ್ನೆಯಲ್ಲೇ ಕಳಿಸಿದ್ದಳು. ನಾರ್ಮಂಡ್ ಅವಳ ಪಕ್ಕಕ್ಕೆ ಬಂದ.

"ಮಳೆ ಬಿಡೋ ಹಾಗೆ ಕಾಣಲ್ಲ," ಅಂದ.

"ಹೂಂ."

"ಸಿಸಿಲ್, ಆ ದಿನ ಕಾಲುವೆ ಬೀದಿ ಮೂಲೇಲಿ ಒಂದು ಬಸ್ಸು ನಿಂತಿತ್ತು."

ಅವಳು ಮಳೆಯನ್ನೇ ನೋಡುತ್ತಿದ್ದಳು. "ನಿಂತಿತ್ತು."

"ಅದರೊಳಗೆ ನಾನಿದ್ದೆ."

"ಗೊತ್ತು."

"ಅವನಿಗೆ?"

"ಅವನೇ ನಂಗೆ ಹೇಳಿದ್ದು. ಮದುವೆ ಆದ ವರ್ಷ. ಕಿಟಕೀಲಿ ನಾರ್ಮಂಡ್ ತಲೆ ಇತ್ತು, ಆಮೇಲೆ ಇರ್ಲಿಲ್ಲ ಅಂದ."

ನಾರ್ಮಂಡ್ ಕಂಬ ಹಿಡಿದುಕೊಂಡ.

"ಬಾವುಟ ಹಿಡಿದೋಳು ನಾನು, ಹಿಂದೆ ತಿರುಗೋ ಹಾಗಿಲ್ಲ," ಅಂದಳು ಸಿಸಿಲ್. "ಅವನ ಕೋಲಿನ ಸದ್ದು ಬದಲಾಯ್ತು. ನಿಂತಲ್ಲೇ ಹೆಜ್ಜೆ ಹಾಕಿ ಅನ್ನೋ ಸನ್ನೆ ಅದು. ಹಾಕಿದ್ವಿ. ಪೊಲೀಸಿನೋನು ಮುಂದೆ ಹೋಗಿ ಅಂತ ಕೈ ಬೀಸ್ತಾನೇ ಇದ್ದ. ಇವನು ಬಿಡ್ಲಿಲ್ಲ. ಯಾಕೆ ಹಾಗೆ ನಿಲ್ಲಿಸಿದೆ ಅಂತ ಆಮೇಲೆ ಕೇಳಿದೆ. ಇಳಿದು ಬಂದ್ರೆ ಜಾಗ ಸಿಗಲಿ ಅಂತ ಕಾದೆ ಅಂದ."

ನಾರ್ಮಂಡ್ ಕಂಬ ಬಿಟ್ಟು ಅವಳ ಕಡೆ ತಿರುಗಿದ.

"ಇಷ್ಟು ವರ್ಷ... ನೀನಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ ಸಿಸಿಲ್."

"ಹೇಳಬಹುದಿತ್ತು. ನೀನೇ ಕೇಳಲಿ ಅಂತ ಅವನು ಕಾದ. ಅವನು ಕಾಯ್ತಾನಲ್ಲ ಅಂತ ನಾನೂ ಸುಮ್ಮನಿದ್ದೆ. ಅದು ನನ್ನ ತಪ್ಪು." ಅವಳು ಬಿಳಿ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. "ನೀನು ಬಂದು ಹಿಮದ ಮಾತು ಎತ್ತಿದೆ. ಅವನು ಹಿಮದ ಮಾತಿಗೇ ಉತ್ತರ ಕೊಟ್ಟ. ನೀನು ಹೋದ ದಿನ ಮನೆಗೆ ಬಂದು, ಇವತ್ತು ನಾರ್ಮಂಡ್ ಬಂದಿದ್ದ ಅಂತಿದ್ದ. ಅಷ್ಟೇ."

*

ಸ್ಮಶಾನ ಗುಡ್ಡದ ಮೇಲೆ. ನಡೆದೇ ಹೋಗುವ ದೂರ. ಗಾಡಿಯ ಹಿಂದೆ ಆರು ಮಂದಿ ಸಾಲುಗೂಡಿದರು. ಮುಂದೆ ಸಿಸಿಲ್, ಅವಳ ಹಿಂದೆ ಅಕ್ಕತಂಗಿಯರು, ಅವರ ಹಿಂದೆ ಆರ್ಮಾಂಡ್ ಮತ್ತು ಥಿಯೋ, ಕೊನೆಯಲ್ಲಿ ಒಂದು ಜಾಗ ಬಿಟ್ಟು ನಾರ್ಮಂಡ್. ಈಗ ಎಲ್ಲರ ಕೈಯಲ್ಲೂ ಕೊಡೆ. ತಾಳಗಳನ್ನು ಥಿಯೋ ಬಗಲಲ್ಲಿ ಇರುಕಿಕೊಂಡಿದ್ದ.

ಲಾಗೋಸಿನ ಕಡೆಯಿಂದ ಬಂದು ಎರಡು ವರ್ಷವಾದ ಫಾದರ್ ಎಮೆಕಾ ಅವರನ್ನು ನೋಡಿ, "ನಡುವೆ ಜಾಗ ಬಿಟ್ಟಿದ್ದೀರಲ್ಲಪ್ಪ. ಹತ್ತಿರ ಬನ್ನಿ, ಕೊಡೆಗಳು ಕೂಡಿದರೆ ನೆನೆಯೋದು ತಪ್ಪುತ್ತೆ" ಅಂದರು.

"ಖಾಲಿ ಇಲ್ಲ ಫಾದರ್," ಅಂದ ಥಿಯೋ. "ಆಳಿದ್ದಾನೆ."

ಫಾದರ್ ಎಮೆಕಾ ಆ ಜಾಗವನ್ನೂ ಮುಂದಿನ ಪೆಟ್ಟಿಗೆಯನ್ನೂ ನೋಡಿದರು. ತಲೆಯಾಡಿಸಿ, ಆ ಜಾಗವನ್ನು ಸುತ್ತುಹಾಕಿಕೊಂಡು ಮುಂದಕ್ಕೆ ಹೋದರು.

ಗಾಡಿ ಹೊರಟಿತು. ಅವರೂ ಹೊರಟರು. ನಡಿಗೆ ಕೂಡಲಿಲ್ಲ. ಆರ್ಮಾಂಡ್‌ನ ಸೊಂಟ ಒಂದು ಕಡೆ ಎಳೆಯಿತು, ಥಿಯೋ ಏದುಸಿರು ಬಿಟ್ಟ, ಅಕ್ಕನ ಎಡಗಾಲು ತಂಗಿಯ ಬಲಗಾಲಿನ ಜೊತೆ ಬಿತ್ತು. ಹಳೆಯ ಆಸ್ಪತ್ರೆಯ ಕಟ್ಟಡದ ಮುಂದೆ ಬಂದಾಗ, ರೂಢಿಯಂತೆ, ಎಲ್ಲರ ಮಾತೂ ತಾನಾಗಿ ನಿಂತಿತು. ಸದ್ದೊಂದು ಬರಬೇಕಾದ ಜಾಗದಲ್ಲಿ ಸದ್ದು ಬರಲಿಲ್ಲ. ಅಡ್ಡಾದಿಡ್ಡಿ ಬೂಟುಗಳು ನೀರು ತುಳಿಯುತ್ತಿದ್ದವು.

ನಾರ್ಮಂಡ್ ತನ್ನ ಕೊಡೆಯನ್ನು ಮಡಿಸಿದ.

ಅದರ ಕಬ್ಬಿಣದ ತುದಿಯನ್ನು ಕಾಲುದಾರಿಯ ಕಲ್ಲಂಚಿಗೆ ತಟ್ಟಿದ. ಟಕ್. ಒಂದು ಹೆಜ್ಜೆ ಬಿಟ್ಟು ಮತ್ತೆ, ಟಕ್. ಮುಂದೆ ಸಿಸಿಲ್‌ಳ ಬೆನ್ನು ನೆಟ್ಟಗಾಯಿತು. ಅವಳು ತಿರುಗಲಿಲ್ಲ. ಅಕ್ಕ ತಟ್ಟನೆ ಕಾಲು ಬದಲಿಸಿದಳು. ಆಮೇಲೆ ತಂಗಿ, ಆಮೇಲೆ ಥಿಯೋ. ಆ ಸದ್ದು ಕೇಳಿಸದ ಆರ್ಮಾಂಡ್ ಕೂಡ ಥಿಯೋನ ಕಾಲು ನೋಡಿ ತನ್ನದನ್ನು ಬದಲಿಸಿದ. ಎಡಗಾಲುಗಳು ಒಟ್ಟಿಗೆ ಬಿದ್ದವು. ಮಳೆ ನಾರ್ಮಂಡ್‌ನ ಬೋಳುತಲೆಯ ಮೇಲಿಂದ ಕತ್ತಿನೊಳಕ್ಕೆ ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಕಾಲುವೆ ಬೀದಿಯ ಮೂಲೆ ಬಂತು. ಸದ್ದು ಬದಲಾಯಿತು.

ಯಾರೂ ಏನೂ ಕೇಳಲಿಲ್ಲ. ಆರು ಮಂದಿಯೂ ನಿಂತಲ್ಲೇ ಹೆಜ್ಜೆ ಹಾಕತೊಡಗಿದರು. ಗಾಡಿ ಸ್ವಲ್ಪ ಮುಂದೆ ಹೋಗಿತ್ತು. ಅದರ ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತು, ಅದೂ ನಿಂತಿತು. ಅಡ್ಡಬೀದಿಯಲ್ಲಿ ಕಾರುಗಳು ಸಾಲುಗಟ್ಟಿದವು. ಕಲ್ಲಿನ ಮೇಲೆ ಕೊಡೆಯ ತುದಿ ಬೀಳುತ್ತಲೇ ಇತ್ತು, ಮುದಿಕಾಲುಗಳು ಏಳುತ್ತ, ಇಳಿಯುತ್ತ ಇದ್ದವು. ಥಿಯೋನ ಕೊಡೆಯಿಂದ ಆಚೆ, ನಾರ್ಮಂಡ್‌ನಿಂದ ಈಚೆ, ಒಬ್ಬ ಆಳು ನಿಲ್ಲುವಷ್ಟು ರಸ್ತೆಯ ಮೇಲೆ ಮಳೆ ನೆಟ್ಟಗೆ ಸುರಿಯುತ್ತಿತ್ತು.