ಬೀಗ ಹಾಕಿದ ಮಿಲ್ಲಿನ ಸದ್ದು

ಮುಷ್ಕರದ ಐದನೆಯ ದಿನ, ಹಾಡುಹಗಲಲ್ಲೇ, ಬೀಗ ಹಾಕಿದ ನೇಯ್ಗೆ ಮಿಲ್ಲಿನೊಳಗೆ ಮಗ್ಗಗಳು ಓಡತೊಡಗಿದವು. ಗೇಟಿನ ಮುಂದೆ ಕೂತಿದ್ದವರು ದಡಬಡಿಸಿ ಎದ್ದರು. ಒಂದು ನರಪಿಳ್ಳೆಯೂ ಒಳಗೆ ಹೋಗಿರಲಿಲ್ಲ.

ಸಂಘದ ಅಕ್ಕ ಗಾಳಿಮಾತಿಗೆಲ್ಲ ಸೊಪ್ಪು ಹಾಕುವವಳಲ್ಲ. ಮೊದಲ ದಿನದಿಂದ ಗಂಟೆಗೊಮ್ಮೆ ಸಾಲುಸಾಲಾಗಿ ಹಾಜರಿ ಕೂಗುತ್ತಿದ್ದಳು. ಬಾರದವರ ಮನೆಗೆ ಇಬ್ಬರನ್ನು ಕಳಿಸಿ, ಜಗಳವಿಲ್ಲದೆ ಕರೆಸಿಕೊಳ್ಳುತ್ತಿದ್ದಳು. ಈಗಲೂ ಕೂಗಿದಳು. ನೂರ ಹನ್ನೆರಡು ಜನವೂ ಅಲ್ಲೇ ಇದ್ದರು. ಹಾಗಾದರೆ ಒಳಗೆ ನೇಯುತ್ತಿರುವವರು ಯಾರು?

ಅದು ಗೊತ್ತಾದದ್ದು ಕಿವಿಮೇಸ್ತ್ರಿಗೆ ಮಾತ್ರ. ಮಗ್ಗ ರಿಪೇರಿ ಮಾಡುವ ಈತ ಬೋಲ್ಟು ಬಿಚ್ಚುವ ಮೊದಲು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ, ಅದಕ್ಕೇ ಆ ಹೆಸರು. ಗೇಟಿನ ಪಕ್ಕದ ಗೋಡೆಗೆ ಕಿವಿಯಿಟ್ಟವನಿಗೆ ಕುಂಟು ಮಗ್ಗವೊಂದು ಕೇಳಿಸಿತು: ಆರು ಹೊಡೆತ ಸರಿ, ಏಳನೆಯದು ತಡ. ಅವನ ಹೆಂಡತಿಯ ಮಗ್ಗ. ಅವಳು ಸತ್ತ ವಾರವೇ ಅದನ್ನು ಗುಜರಿಗೆ ಹಾಕಿದ್ದರು. ಆಮೇಲೆ ಕೆಮ್ಮು ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ. ಹತ್ತಿಯ ಧೂಳು ಕುಡಿದೂ ಕುಡಿದೂ ಎದೆ ಕಟ್ಟಿ ಹೋದವಳು. ಆ ಧೂಳು ಹೀರುವ ಫ್ಯಾನು ಬೇಕೆಂದೇ ಈ ಮುಷ್ಕರ.

ಅವನು ಗೋಡೆ ಬಿಟ್ಟು ಹಿಂದೆ ಸರಿದ. ಆಮೇಲೆ ನೆನಪಾಯಿತು. ಮೂರು ವರ್ಷದ ಹಿಂದೆ ಗದ್ದಲ ಅಳೆಯಲು ಬಂದವರು ರೆಕಾರ್ಡರನ್ನು ಅವಳ ಪಕ್ಕದಲ್ಲೇ ಇಟ್ಟಿದ್ದರು. ಧಣಿಯ ಬುದ್ಧಿ ನೋಡಿ, ಮುಷ್ಕರ ಮುರಿಯಲು ಅದನ್ನೇ ಈಗ ಸ್ಪೀಕರಿಗೆ ಹಚ್ಚಿದ್ದ! ಹೇಳಬೇಕಿತ್ತು. ಹೇಳಿದರೆ ಆರಿಸಿಬಿಡುತ್ತಾರೆ. ಆಸೆ ಕೆಟ್ಟದ್ದು, ಮೇಸ್ತ್ರಿ ತುಟಿ ಹೊಲಿದುಕೊಂಡು ಎರಡು ದಿನ ಆ ಗೋಡೆಗೇ ಅಂಟಿಕೊಂಡ.

ಇತ್ತ ಒಳಗೆ ದೆವ್ವಗಳು ನೇಯುತ್ತಿವೆ ಎಂಬ ಪುಕಾರು ಹಬ್ಬಿ ಜನ ಕದಲಿದರು. "ಸತ್ತೋರೇ ಬಂದು ನೇಯ್ತಾರೆ ಅಂದ್ಮೇಲೆ ನಮ್ಮನ್ನ ಯಾರು ಕೇಳ್ತಾರೆ? ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡು ಕೂತಿದ್ದು ಸಾಕು" ಎಂದು ಬಾಬಿನ್‌ಗೆ ನೂಲು ಸುತ್ತುವವಳು ಎದ್ದಳು. ಇಪ್ಪತ್ತು ಜನ ಕೆಲಸಕ್ಕೆ ಮರಳಲು ಅವಳ ಹಿಂದೆ ಗೇಟಿನತ್ತ ಹೊರಟರು. ನಡೆಯುತ್ತಲೇ ಅವಳಿಗೆ ಕೆಮ್ಮು ಬಂತು. ಎರಡು ಗಿಡ್ಡ, ಒಂದು ಉದ್ದ.

ಅದು ಕಿವಿಗೆ ಬಿದ್ದದ್ದೇ ಮೇಸ್ತ್ರಿ ಓಡಿಬಂದು ಅಡ್ಡ ನಿಂತ. "ತಂಗೀ, ಒಳಗೆ ಯಾರೂ ಇಲ್ಲಮ್ಮ. ಅದು ಹಳೇ ರೆಕಾರ್ಡು. ನನ್ನ ಹೆಂಡ್ತಿ ಮಗ್ಗ. ಕೇಳು, ಈಗ ಕುಂಟುತ್ತೆ... ಈಗ ಕೆಮ್ತಾಳೆ."

ಗೋಡೆಯಾಚೆ ಸತ್ತವಳು ಕೆಮ್ಮಿದಳು.

"ಎರಡು ದಿನದಿಂದ ಗೊತ್ತಿತ್ತಾ ಅಣ್ಣಾ?" ಸಂಘದ ಅಕ್ಕ ಕೇಳಿದಳು.

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

ಅವನು ಗೋಡೆಯತ್ತ ನೋಡಿದ. ಅಕ್ಕ ಮತ್ತೆ ಕೇಳಲಿಲ್ಲ.

ಬಾಬಿನ್‌ನವಳು ಹೋಗಿ ತನ್ನ ಸಾಲಿನಲ್ಲಿ ಕೂತಳು. ಹಿಂದೆ ಹೊರಟವರೂ ಕೂತರು. ಯಾರೋ ಕಿಸಕ್ಕನೆ ನಕ್ಕು, ಸ್ಪೀಕರಿನ ಸದ್ದಿಗೆ ಸರಿಯಾಗಿ ಚಪ್ಪಾಳೆ ತಟ್ಟಿದರು, ಏಳನೆಯದನ್ನು ತಡಮಾಡಿ. ಸ್ವಲ್ಪ ಹೊತ್ತಿಗೆ ಅಷ್ಟೂ ಜನ ತಟ್ಟುತ್ತಿದ್ದರು. ಕಚೇರಿಯ ಕಿಟಕಿಯ ಪರದೆ ಅಲ್ಲಾಡಿತು. ಸದ್ದು ಫಕ್ಕನೆ ನಿಂತಿತು.

ಜನ ಹೋ ಎಂದು ಕೂಗಿದರು. ಮೇಸ್ತ್ರಿ ಮಾತ್ರ ಗೋಡೆಗೆ ಕಿವಿಯೊತ್ತಿ, "ಸುಮ್ನಿರ್ರಪ್ಪಾ, ಒಂದೇ ಒಂದ್ನಿಮಿಷ ಸುಮ್ನಿರ್ರಪ್ಪಾ" ಎಂದು ಎಲ್ಲರನ್ನೂ ಅಂಗಲಾಚುತ್ತಿದ್ದ.